ಬೀದಿಗೆ ವೇಗಮಿತಿ ತರುವುದು ಹೇಗೆ: ಅಳತೆ, ಆದೇಶ, ಬೋರ್ಡು, ಹಂಪು, ಇದೇ ಕ್ರಮದಲ್ಲಿ

‘ವಾಹನ ನಿಧಾನವಾಗಿ ಚಲಿಸಿ’ ಎಂದು ಬಡಾವಣೆಯವರೇ ದುಡ್ಡು ಹಾಕಿ ಬೋರ್ಡು ಬರೆಸುತ್ತಾರೆ. ಮೂರು ತಿಂಗಳಲ್ಲಿ ಅದರ ಮೇಲೆ ಟ್ಯೂಷನ್ ಜಾಹೀರಾತು ಅಂಟಿರುತ್ತದೆ, ಬೈಕುಗಳು ಹಿಂದಿನ ವೇಗದಲ್ಲೇ ಓಡುತ್ತಿರುತ್ತವೆ. ಇನ್ನು ಕೆಲವರು ನೇರವಾಗಿ ಹಂಪಿಗೆ ಕೈ ಹಾಕುತ್ತಾರೆ. ರಾತ್ರೋರಾತ್ರಿ ಎದ್ದ ಸಿಮೆಂಟ್ ದಿಬ್ಬಕ್ಕೆ ಬೈಕ್ ಸವಾರನೊಬ್ಬ ಬಿದ್ದು, ಪಾಲಿಕೆಯವರು ಬಂದು ಅಗೆದು ಹೋಗುತ್ತಾರೆ. ಎರಡೂ ಕಡೆ ತಪ್ಪು ಒಂದೇ, ಕೊನೆಯ ಹೆಜ್ಜೆಯನ್ನು ಮೊದಲು ಇಟ್ಟದ್ದು.

ವೇಗಮಿತಿಗೆ ಮೂರು ಕಾಲು: ಕಾನೂನಿನ ಆದೇಶ, ಆ ಆದೇಶವನ್ನು ತೋರಿಸುವ ಬೋರ್ಡು, ಆ ವೇಗವನ್ನು ಸಹಜವಾಗಿಸುವ ರಸ್ತೆಯ ಆಕಾರ. ಇವುಗಳಿಗೆ ಮುಂಚೆ ಅಳತೆ, ಆಮೇಲೆ ಇನ್ನೊಮ್ಮೆ ಅಳತೆ. ಕರ್ನಾಟಕದ ಊರು, ನಗರಗಳಲ್ಲಿ ಇದನ್ನು ಮಾಡಿಸುವ ಕ್ರಮ ಇಲ್ಲಿದೆ. ನಿವಾಸಿಗಳ ಸಂಘಕ್ಕೂ ವಾರ್ಡಿನ ಎಂಜಿನಿಯರಿಗೂ ಇದೇ ಕ್ರಮ, ಕಡತ ಸಾಗುವ ದಿಕ್ಕು ಮಾತ್ರ ಬೇರೆ.

ಬೇಕಾದ ಸಾಮಾನು

30 ಅಥವಾ 50 ಮೀಟರಿನ ಅಳತೆ ಟೇಪು, ಬಿಳಿ ಅಂಟುಪಟ್ಟಿ, ಟ್ರೈಪಾಡ್ ಮತ್ತು ಪವರ್‌ಬ್ಯಾಂಕ್ ಸಮೇತ ಒಂದು ಮೊಬೈಲ್, ವಿಡಿಯೊವನ್ನು ಫ್ರೇಮ್ ಫ್ರೇಮ್ ಆಗಿ ಸರಿಸಲು ಒಂದು ಕಂಪ್ಯೂಟರ್, ಇಬ್ಬರು ಜನ. ರೇಡಾರ್ ಗನ್ ಬೇಕಿಲ್ಲ. ಬಾಡಿಗೆಗೆ ಸಿಕ್ಕಿದರೂ ಅದನ್ನು ಹಿಡಿದು ರಸ್ತೆಯಂಚಿನಲ್ಲಿ ನಿಂತವರನ್ನು ಪೊಲೀಸರೆಂದುಕೊಂಡು ಎಲ್ಲರೂ ಬ್ರೇಕ್ ಹಾಕುತ್ತಾರೆ, ಅಳತೆ ಕೆಡುತ್ತದೆ.

ಹಂತ 1: ರಸ್ತೆ ಯಾರದು ಎಂದು ತಿಳಿಯಿರಿ

ಅರ್ಜಿಗಳು ತಿಂಗಳುಗಟ್ಟಲೆ ಅಲೆಯುವುದು ಇಲ್ಲಿ ಎಡವಿದ್ದರಿಂದ. ತಾಲ್ಲೂಕು ಕೇಂದ್ರಗಳಲ್ಲಿ ಪೇಟೆಬೀದಿ ಎಂದು ನಾವು ಕರೆಯುವುದು ಎಷ್ಟೋ ಸಲ ರಾಜ್ಯ ಹೆದ್ದಾರಿಯ ತುಂಡು. ಅದು ಪುರಸಭೆಯದಲ್ಲ, ಲೋಕೋಪಯೋಗಿ ಇಲಾಖೆಯದು. ಬೈಪಾಸ್ ಇಲ್ಲದ ಊರಿನಲ್ಲಿ ಅದು ರಾಷ್ಟ್ರೀಯ ಹೆದ್ದಾರಿಯೂ ಆಗಿರಬಹುದು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಒಂದೇ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹಳೆಯ ಬಿಬಿಎಂಪಿ ವಿಳಾಸಕ್ಕೆ ಬರೆದ ಪತ್ರ ಯಾರ ಮೇಜಿಗೂ ತಲುಪದೆ ಸುತ್ತುತ್ತದೆ.

ರಸ್ತೆಯ ಒಡೆಯರು ಬೇರೆ, ವೇಗ ನಿಗದಿ ಮಾಡುವವರು ಬೇರೆ. ಪೊಲೀಸ್ ಕಮಿಷನರೇಟ್ ಇರುವ ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಸಂಚಾರ ಆದೇಶದ ಕಡತ ಕಮಿಷನರ್ ಕಚೇರಿಗೆ ಹೋಗುತ್ತದೆ. ಉಳಿದೆಡೆ ಜಿಲ್ಲಾಧಿಕಾರಿಯ ಕಚೇರಿಗೆ. ಬೋರ್ಡು, ಹಂಪು, ಬಣ್ಣದ ಕೆಲಸ ರಸ್ತೆಯ ಒಡೆಯರದು. ಆದ್ದರಿಂದ ಮನವಿಯ ಎರಡು ಪ್ರತಿ ಇಬ್ಬರಿಗೂ ಒಂದೇ ದಿನ ಸಲ್ಲಬೇಕು. ಇಲ್ಲವಾದರೆ ಪೊಲೀಸರು ‘ಪಾಲಿಕೆಗೆ ಹೇಳಿ’ ಎನ್ನುತ್ತಾರೆ, ಪಾಲಿಕೆಯವರು ‘ಪೊಲೀಸರ ಆದೇಶ ತನ್ನಿ’ ಎನ್ನುತ್ತಾರೆ. ಇಬ್ಬರ ಮಾತೂ ಸರಿಯೇ, ನಿಮ್ಮ ಕೆಲಸ ಮಾತ್ರ ಆಗುವುದಿಲ್ಲ.

ಹಂತ 2: ಈಗ ಕಾಗದದಲ್ಲಿ ಎಷ್ಟಿದೆ ನೋಡಿ

ಮೋಟಾರು ವಾಹನ ಕಾಯ್ದೆ 1988ರ ಕಲಂ 112 ಈ ವಿಷಯದ ಬೇರು. ಪ್ರತಿ ವರ್ಗದ ವಾಹನಕ್ಕೂ ಕೇಂದ್ರ ಸರ್ಕಾರ ಗರಿಷ್ಠ ವೇಗವನ್ನು ಗೊತ್ತುಮಾಡುತ್ತದೆ, ಅದು ಚಾವಣಿ. ಅದರ ಕೆಳಗೆ ಎಷ್ಟಕ್ಕೆ ಬೇಕಾದರೂ ಇಳಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ ಇದೆ. ಮೇಲಕ್ಕೆ ಏರಿಸುವ ಅಧಿಕಾರ ಇಲ್ಲ.

2018ರ ಏಪ್ರಿಲ್ 6ರ ಕೇಂದ್ರ ಅಧಿಸೂಚನೆ ನಗರ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿಗೆ 70, ಬಸ್ಸು, ಲಾರಿ, ಬೈಕಿಗೆ 60, ಆಟೋಗೆ 50 ಕಿ.ಮೀ. ಎಂದಿತ್ತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ರದ್ದುಮಾಡಿತು. ಆದ್ದರಿಂದ ಅಂಕಿಯನ್ನು ಅಂತರ್ಜಾಲದಿಂದ ಎತ್ತಿ ಮನವಿಯಲ್ಲಿ ಬರೆಯಬೇಡಿ. ಜಾರಿಯಲ್ಲಿರುವ ಅಧಿಸೂಚನೆಯ ಪ್ರತಿಯನ್ನು ಸಾರಿಗೆ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಏನೇ ಇರಲಿ, 30 ಅಡಿ ರಸ್ತೆಯಲ್ಲಿ ಯಾರೂ ಬೇರೆ ಮಿತಿ ಹಾಕದಿದ್ದರೆ ಅನ್ವಯಿಸುವುದು ಆ ಎತ್ತರದ ಚಾವಣಿಯೇ. ಮನೆಬಾಗಿಲಲ್ಲಿ 60ರಲ್ಲಿ ಹೋಗುವ ಬೈಕಿನವನು ವೇಗದ ಕಲಮಿನಡಿ ತಪ್ಪಿತಸ್ಥನಲ್ಲದೇ ಇರಬಹುದು ಎಂಬುದನ್ನು ಅಧಿಕಾರಿಗಳೂ ಸುಲಭಕ್ಕೆ ನಂಬುವುದಿಲ್ಲ.

ರಸ್ತೆಯಲ್ಲಿ ಈಗಾಗಲೇ ‘30’ ಅಥವಾ ‘40’ರ ಬೋರ್ಡು ಇದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ವೇಗಮಿತಿ ಏಕಿಲ್ಲ’ ಎಂದು ಕೇಳಬೇಡಿ, ಕಾರಣ ಹೇಳುವುದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ‘ಇಂಥ ರಸ್ತೆಗೆ ಕಲಂ 112(2)ರಡಿ ಹೊರಡಿಸಿದ ಅಧಿಸೂಚನೆಯ ಸಂಖ್ಯೆ, ದಿನಾಂಕ ಮತ್ತು ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ.

ಎಚ್ಚರಿಕೆಯ ಗುರುತು: ‘ಅಂಥ ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಕಣ್ಣೆದುರಿನ ಬೋರ್ಡಿನ ಹಿಂದೆ ಆದೇಶವಿಲ್ಲ ಎಂದೇ ಅರ್ಥ. ಆ ಬೋರ್ಡನ್ನು ನಂಬಿ ದಂಡ ಹಾಕಿದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಹಂತ 3: ವೇಗ ಅಳೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ‘ತುಂಬಾ ಸ್ಪೀಡಾಗಿ ಹೋಗ್ತಾರೆ ಸಾರ್’ ಎಂಬ ಮಾತಿಗೆ ಯಾವ ಕಡತದಲ್ಲೂ ಜಾಗವಿಲ್ಲ.

ಜಾಗ: ಜಂಕ್ಷನ್, ಹಂಪು, ತಿರುವು, ಬಸ್ ನಿಲ್ದಾಣದಿಂದ ಎರಡೂ ಕಡೆ ಕನಿಷ್ಠ 50 ಮೀಟರ್ ದೂರದಲ್ಲಿ ನೇರವಾದ ತುಂಡು. ಅಲ್ಲಿ ಟೇಪು ಹಿಡಿದು ಸರಿಯಾಗಿ 50 ಮೀಟರ್ ಅಳೆಯಿರಿ. ಎರಡು ತುದಿಯಲ್ಲೂ ರಸ್ತೆಯ ಎಡಬಲ ಅಂಚುಗಳಲ್ಲಿ ಅಂಗೈಯಗಲದ ಬಿಳಿ ಪಟ್ಟಿ ಅಂಟಿಸಿ. ರಸ್ತೆಗಡ್ಡವಾಗಿ ಗೆರೆ ಎಳೆಯಬೇಡಿ, ಗೆರೆ ಕಂಡವರು ನಿಧಾನಿಸುತ್ತಾರೆ. ವಿಡಿಯೊ ನೋಡುವಾಗ ಎರಡು ಪಟ್ಟಿಗಳನ್ನು ಕೂಡಿಸುವ ಗೆರೆಯನ್ನು ಪರದೆಯ ಮೇಲೆ ಎಳೆದುಕೊಂಡರೆ ಸಾಕು.

ಕ್ಯಾಮೆರಾ: ಎರಡು ಗುರುತುಗಳ ನಡುವಿನ ಮನೆಯ ಮಹಡಿಯಿಂದ, ಎರಡೂ ತುದಿ ಕಾಣುವಂತೆ. ಮುಂದಿನ ಚಕ್ರ ನೆಲದ ಗೆರೆ ಮುಟ್ಟಿದ ಫ್ರೇಮನ್ನೇ ಎಣಿಸಿ. ಬಂಪರನ್ನೋ ಹ್ಯಾಂಡಲನ್ನೋ ನೋಡಿದರೆ ಓರೆನೋಟದ ದೋಷ ಸೇರಿಕೊಳ್ಳುತ್ತದೆ. ನೆಲದಿಂದ ಮೇಲಿರುವ ಯಾವ ಭಾಗವೂ ಗೆರೆಯನ್ನು ಬೇರೆ ಹೊತ್ತಿನಲ್ಲಿ ದಾಟಿದಂತೆ ಕಾಣುತ್ತದೆ.

ಲೆಕ್ಕ: ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ 5,400ನ್ನು ಫ್ರೇಮುಗಳ ಎಣಿಕೆಯಿಂದ ಭಾಗಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತದೆ. 180 ಫ್ರೇಮು ಎಂದರೆ 30, 135 ಎಂದರೆ 40, 108 ಎಂದರೆ 50. ವಿಎಲ್‌ಸಿ ಪ್ಲೇಯರಿನಲ್ಲಿ ಇಂಗ್ಲಿಷಿನ ‘E’ ಕೀಲಿ ಒತ್ತಿದರೆ ಒಂದೊಂದೇ ಫ್ರೇಮು ಸರಿಯುತ್ತದೆ. ಕೆಲವು ಫೋನುಗಳು ಬೆಳಕು ಕಡಿಮೆಯಾದಾಗ ಫ್ರೇಮಿನ ದರ ಇಳಿಸುತ್ತವೆ. ಮೊದಲು ಒಂದು ಸ್ಟಾಪ್‌ವಾಚನ್ನೇ 10 ಸೆಕೆಂಡು ಚಿತ್ರಿಸಿ, 300 ಫ್ರೇಮು ಬರುತ್ತದೆಯೇ ನೋಡಿ. ರಾತ್ರಿಯ ವಿಡಿಯೊಗೆ ಈ ಪರೀಕ್ಷೆ ರಾತ್ರಿಯೇ ಆಗಬೇಕು.

ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದೂ ಅಳೆಯಬಹುದು (180 ಭಾಗಿಸು ಸೆಕೆಂಡು). ಆದರೆ 40ರ ವೇಗಕ್ಕೆ 50 ಮೀಟರ್ ಮುಗಿಯುವುದು 4.5 ಸೆಕೆಂಡಿನಲ್ಲಿ. ಬೆರಳು 0.2 ಸೆಕೆಂಡು ತಡವಾದರೂ ಸುಮಾರು 2 ಕಿ.ಮೀ. ತಪ್ಪು. ಜಾಗ ಸಾಲದೆಂದು 20 ಮೀಟರಿಗೆ ಇಳಿದರೆ ತಪ್ಪು ಇಮ್ಮಡಿಗಿಂತ ಹೆಚ್ಚು.

ಯಾರನ್ನು ಎಣಿಸಬೇಕು: ಒಂದು ದಿಕ್ಕಿಗೆ ಕನಿಷ್ಠ 100 ವಾಹನ, ಅದೂ ಮುಂದಿನ ವಾಹನದಿಂದ 4 ಸೆಕೆಂಡಿಗಿಂತ ಹೆಚ್ಚು ಅಂತರವಿರುವವು ಮಾತ್ರ. ಲಾರಿಯ ಹಿಂದೆ ಸಿಕ್ಕ ಬೈಕು ತನ್ನ ಇಷ್ಟದ ವೇಗದಲ್ಲಿ ಹೋಗುತ್ತಿರುವುದಿಲ್ಲ. ದ್ವಿಚಕ್ರ, ಆಟೋ, ಕಾರು, ಭಾರಿ ವಾಹನ ಎಂದು ನಾಲ್ಕು ಕಾಲಂ ಮಾಡಿ.

ಯಾವಾಗ: ಮಳೆಯಿಲ್ಲದ ವಾರದ ದಿನ, ಬೆಳಿಗ್ಗೆ 10:30ರಿಂದ 12. ಶಾಲೆ ಇದ್ದರೆ ಬಿಡುವ ಹೊತ್ತಿನಲ್ಲಿ ಇನ್ನೊಂದು ಸಲ, ರಾತ್ರಿ 10ರ ನಂತರ ಮತ್ತೊಂದು ಸಲ. ಸಂಜೆ 6ರ ದಟ್ಟಣೆಯಲ್ಲಿ ಅಳೆದರೆ ನಿಮ್ಮ ರಸ್ತೆ ಊರಿಗೇ ನಿಧಾನದ್ದು ಎಂದು ತೋರುತ್ತದೆ. ನೀವೇ ನಿಮ್ಮ ಅರ್ಜಿಯನ್ನು ಕೊಂದಂತೆ.

ಸಾಮಾನ್ಯ ತಪ್ಪು: ಕಣ್ಣಿಗೆ ಬಿದ್ದ ರಭಸದ ವಾಹನಗಳನ್ನೇ ಆರಿಸುವುದು. ವಿಡಿಯೊ ತೋರಿಸಿ ಎಂದು ಅಧಿಕಾರಿ ಕೇಳಿದ ದಿನ ಅಲ್ಲಿಗೆ ಮುಗಿಯಿತು. ಕಚ್ಚಾ ವಿಡಿಯೊವನ್ನು ಅಳಿಸಬೇಡಿ.

ಹಂತ 4: 85ನೇ ಸಂಖ್ಯೆಯನ್ನು ಓದಿ

ನೂರು ವೇಗಗಳನ್ನು ಏರಿಕೆಯ ಕ್ರಮದಲ್ಲಿ ಬರೆದು 50ನೆಯದನ್ನೂ 85ನೆಯದನ್ನೂ ಗುರುತಿಸಿ. 85ನೆಯದನ್ನು ಸಂಚಾರ ಎಂಜಿನಿಯರುಗಳು 85ನೇ ಶೇಕಡಾಂಕ ಎನ್ನುತ್ತಾರೆ. ನೂರಕ್ಕೆ 85 ಮಂದಿ ಆ ವೇಗದಲ್ಲೋ ಅದಕ್ಕಿಂತ ಕಡಿಮೆಯಲ್ಲೋ ಹೋಗುತ್ತಾರೆ ಎಂದು ಅರ್ಥ.

ಹಳೆಯ ಪಾಠದಲ್ಲಿ ಇದೇ ಅಂಕಿಯನ್ನು ವೇಗಮಿತಿ ಮಾಡುವ ರೂಢಿಯಿತ್ತು. ಹೆದ್ದಾರಿಗೆ ಹೇಗೋ ಏನೋ, ಮನೆಮುಂದಿನ ಬೀದಿಗೆ ಆ ರೂಢಿ ಸಲ್ಲದು. ಚಾಲಕರು ಈಗ ಹೇಗೆ ಓಡಿಸುತ್ತಿದ್ದಾರೋ ಅದನ್ನೇ ಸರಿ ಎಂದು ಬರೆದುಕೊಟ್ಟಂತಾಗುತ್ತದೆ, ಅವರಲ್ಲಿ ಯಾರೂ ರಸ್ತೆ ದಾಟುವ ಅಜ್ಜಿಯನ್ನು ಕೇಳಿರುವುದಿಲ್ಲ. 85ನೇ ಸಂಖ್ಯೆ ಹೇಳುವುದು ರಸ್ತೆಯ ಆಕಾರ ಎಷ್ಟು ವೇಗವನ್ನು ಕರೆಯುತ್ತಿದೆ ಎಂಬುದನ್ನು. ನೀವು ಕೇಳುವ ಮಿತಿಗೂ ಅದಕ್ಕೂ ಇರುವ ಅಂತರ 5 ಕಿ.ಮೀ. ಒಳಗಿದ್ದರೆ ಬೋರ್ಡು ಮತ್ತು ಬಣ್ಣದಲ್ಲಿ ಕೆಲಸವಾಗಬಹುದು. 10 ದಾಟಿದರೆ ಹಂತ 9ರ ಕಾಮಗಾರಿಯನ್ನು ಮನವಿಯಲ್ಲೇ ಸೇರಿಸಿ.

ಬ್ರಿಟನ್ನಿನಲ್ಲಿ ಬೋರ್ಡು, ಗುರುತುಗಳಷ್ಟರಿಂದಲೇ 20 ಮೈಲಿ ಮಿತಿ ತಂದ ಬಡಾವಣೆಗಳನ್ನು ಪರಿಶೀಲಿಸಿದ ಸರ್ಕಾರಿ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವೇಗ ಇಳಿದದ್ದು ಒಂದು ಮೈಲಿಯ ಆಸುಪಾಸು ಮಾತ್ರ. ಬೋರ್ಡಿನ ಬಲ ಅಷ್ಟೇ.

ಹಂತ 5: ಯಾವ ಮಿತಿ ಕೇಳಬೇಕು

ಜನ ನಡೆಯುವ, ಮಕ್ಕಳು ಆಡುವ, ಸೈಕಲ್ಲು ಬೆರೆಯುವ ಬೀದಿಗೆ 30 ಕೇಳಿ. ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಚಿವರ ಸಮ್ಮೇಳನ 2020ರ ಫೆಬ್ರವರಿಯಲ್ಲಿ ಹೊರಡಿಸಿದ ಸ್ಟಾಕ್‌ಹೋಮ್ ಘೋಷಣೆ ಇಂಥ ಕಡೆ ಗರಿಷ್ಠ 30 ಎಂದಿದೆ, ಮನವಿಯಲ್ಲಿ ಒಂದು ಸಾಲಿನಲ್ಲಿ ಉಲ್ಲೇಖಿಸಬಹುದು. ಅದಕ್ಕಿಂತ ಗಟ್ಟಿಯಾದದ್ದು ನಿಲ್ಲುವ ದೂರದ ಲೆಕ್ಕ. ಒಣ ಡಾಂಬರು, ಒಳ್ಳೆಯ ಬ್ರೇಕು, ಪ್ರತಿಕ್ರಿಯೆಗೆ ಒಂದೂವರೆ ಸೆಕೆಂಡು ಎಂದಿಟ್ಟುಕೊಂಡರೆ 30ರಲ್ಲಿ ಸುಮಾರು 18 ಮೀಟರಿಗೆ ನಿಲ್ಲಬಹುದು, 40ರಲ್ಲಿ 26, 50ರಲ್ಲಿ 35. ಇಪ್ಪತ್ತು ಮೀಟರ್ ಮುಂದೆ ಚೆಂಡಿನ ಹಿಂದೆ ಮಗು ಓಡಿಬಂದರೆ 30ರವನು ನಿಂತಿರುತ್ತಾನೆ. 50ರವನ ಕಾಲು ಬ್ರೇಕಿಗೆ ತಾಗುವಷ್ಟರಲ್ಲೇ ಆ ಇಪ್ಪತ್ತು ಮೀಟರ್ ಮುಗಿದಿರುತ್ತದೆ.

‘ಟ್ರಾಫಿಕ್ ನಿಲ್ಲುತ್ತದೆ’ ಎಂಬ ಆಕ್ಷೇಪಕ್ಕೂ ಲೆಕ್ಕವೇ ಉತ್ತರ. 600 ಮೀಟರಿನ ಬೀದಿಯನ್ನು 40ರಲ್ಲಿ ದಾಟಲು 54 ಸೆಕೆಂಡು, 30ರಲ್ಲಿ 72. ವ್ಯತ್ಯಾಸ 18 ಸೆಕೆಂಡು.

ಬಸ್ಸು ಓಡುವ 60 ಅಡಿ ರಸ್ತೆಗೆ 40 ಕೇಳಿ, ಅದರಲ್ಲಿ ಶಾಲೆ, ಆಸ್ಪತ್ರೆಯ ಮುಂದಿನ ತುಂಡಿಗೆ ಮಾತ್ರ 30. 20 ಕೇಳಬೇಡಿ. ಯಾರೂ ಪಾಲಿಸದ ಅಂಕಿ ಪಕ್ಕದ ರಸ್ತೆಯ ಅಂಕಿಯ ಮರ್ಯಾದೆಯನ್ನೂ ಕಳೆಯುತ್ತದೆ.

ಹಂತ 6: ಮನವಿ ಕಟ್ಟುವುದು

ನಾಲ್ಕು ಪುಟ ದಾಟಬಾರದು. ಮೊದಲ ಪುಟದಲ್ಲಿ ಬೇಡಿಕೆ ಒಂದೇ ವಾಕ್ಯದಲ್ಲಿ: ಇಂಥಲ್ಲಿಂದ ಇಂಥಲ್ಲಿವರೆಗೆ, ಎಲ್ಲ ವಾಹನಗಳಿಗೂ, ಇಡೀ ದಿನ, ಗಂಟೆಗೆ 30 ಕಿ.ಮೀ., ಕಲಂ 112(2) ಮತ್ತು 116ರಡಿ (116 ಸಂಚಾರ ಬೋರ್ಡುಗಳನ್ನು ನೆಡುವ ಕಲಂ). ಎರಡನೆಯದರಲ್ಲಿ ನಕ್ಷೆ. ಮೂರನೆಯದರಲ್ಲಿ ಅಳತೆಯ ಕೋಷ್ಟಕ. ನಾಲ್ಕನೆಯದರಲ್ಲಿ ಮೂರು ವರ್ಷದ ಅಪಘಾತಗಳ ಪಟ್ಟಿ, ಇದನ್ನು ಸಂಚಾರ ಠಾಣೆಯಿಂದ ಮಾಹಿತಿ ಹಕ್ಕಿನಡಿ ಪಡೆಯಿರಿ. ಸಹಿಗಳ ಹಾಳೆ ಬೇಕಿದ್ದರೆ ಬೇರೆಯಾಗಿ ಲಗತ್ತಿಸಿ. ಮುನ್ನೂರು ಸಹಿಗಿಂತ ನೂರು ವಾಹನದ ಅಳತೆಗೆ ತೂಕ ಹೆಚ್ಚು.

ರಸ್ತೆಯ ಹೆಸರಿನಲ್ಲಿ ಹುಷಾರು. ‘5ನೇ ಮುಖ್ಯರಸ್ತೆ’ ಇಲ್ಲದ ಬಡಾವಣೆ ಬೆಂಗಳೂರಿನಲ್ಲಿ ಯಾವುದು? ಬಡಾವಣೆ, ಹಂತ, ಬ್ಲಾಕು, ಎರಡು ತುದಿಯ ಅಡ್ಡರಸ್ತೆ, ಎರಡೂ ತುದಿಯ ಅಕ್ಷಾಂಶ ರೇಖಾಂಶ, ಇಷ್ಟೂ ಇರಲಿ. ಒಂದೇ ರಸ್ತೆಗೆ ಹಳೆಯ ಹೆಸರು, ಹೊಸ ಹೆಸರು ಇದ್ದರೆ ಎರಡೂ ಬರೆಯಿರಿ.

‘ಇದು ಬ್ಲ್ಯಾಕ್ ಸ್ಪಾಟ್ ಅಲ್ಲ’ ಎಂಬ ಉತ್ತರ ಬರಬಹುದು. ಆ ವ್ಯಾಖ್ಯೆ ರಾಷ್ಟ್ರೀಯ ಹೆದ್ದಾರಿಗೆ ಮಾಡಿದ್ದು: 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಬಡಾವಣೆಯ ಬೀದಿ ಆ ಪಟ್ಟಿಗೆ ಸೇರಲಿ ಎಂದು ಕಾಯಬೇಕಾದದ್ದೇನೂ ಇಲ್ಲ. ಕಲಂ 112(2) ಕೇಳುವುದು ಸಾರ್ವಜನಿಕ ಸುರಕ್ಷತೆ, ಅನುಕೂಲ ಅಥವಾ ರಸ್ತೆಯ ಸ್ವರೂಪ, ಇವುಗಳಲ್ಲಿ ಒಂದು ಕಾರಣವನ್ನು ಮಾತ್ರ. ಕಡತ ಅಲುಗದಿದ್ದರೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗೆ ವಿಷಯ ಸೇರಿಸುವಂತೆ ಬರೆಯಿರಿ. ಪೊಲೀಸ್, ಸಾರಿಗೆ, ಲೋಕೋಪಯೋಗಿ ಮೂವರೂ ಒಂದೇ ಮೇಜಿನಲ್ಲಿ ಕೂರುವುದು ಅಲ್ಲಿ.

ಹಂತ 7: ಒಂದು ತಿಂಗಳ ಪ್ರಯೋಗ ಕೇಳಿ

ಹೆಚ್ಚಿನವರಿಗೆ ಗೊತ್ತಿಲ್ಲದ ಬಾಗಿಲು ಇದು. ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರುವುದಿಲ್ಲ ಎಂದಾದರೆ ಅಧಿಸೂಚನೆ ಬೇಕಿಲ್ಲ ಎಂದು 112(2)ರ ಪರಂತುಕವೇ (ಕಲಮಿಗೆ ಸೇರಿಸಿದ ವಿನಾಯಿತಿಯ ಸಾಲು) ಹೇಳುತ್ತದೆ. ಅಧಿಕಾರವುಳ್ಳವರ ಆದೇಶ ಮತ್ತು ತಾತ್ಕಾಲಿಕ ಬೋರ್ಡು ಮಾತ್ರ ಬೇಕು. ಹೊಣೆ ಹೊರಲು ಹಿಂಜರಿಯುವ ಅಧಿಕಾರಿಗೂ 30 ದಿನದ ಕಾಗದಕ್ಕೆ ಸಹಿ ಹಾಕುವುದು ಸುಲಭ. ಮೂರನೇ ವಾರದಲ್ಲಿ ಹಂತ 3ರ ಅಳತೆಯನ್ನು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಮಾಡಿ ಶಾಶ್ವತ ಆದೇಶದ ಕಡತಕ್ಕೆ ಸೇರಿಸಿ. 31ನೇ ದಿನಕ್ಕೆ ಬೋರ್ಡು ಇಳಿಸಬೇಕು. ಬಿಟ್ಟರೆ ಆದೇಶವಿಲ್ಲದ ಇನ್ನೊಂದು ಬೋರ್ಡನ್ನು ನೀವೇ ಹುಟ್ಟಿಸಿದಂತೆ.

ಹಂತ 8: ಅಧಿಸೂಚನೆ, ಆಮೇಲೆ ಬೋರ್ಡು

ಕರಡು ಸಿದ್ಧವಾದಾಗ ನೋಡಲು ಕೇಳಿ. ಕಲಂ 112 ಎಂದಿದೆಯೇ, 115 ಎಂದಿದೆಯೇ ಎಂಬುದು ಮೊದಲ ಪ್ರಶ್ನೆ. 115 ಭಾರಿ ವಾಹನ ನಿಷೇಧ, ಏಕಮುಖ ಸಂಚಾರದಂಥ ನಿರ್ಬಂಧಗಳದ್ದು. ಹಳೆಯ ಆದೇಶವನ್ನು ನಕಲು ಮಾಡುವಾಗ ಅದೇ ಸಂಖ್ಯೆ ಉಳಿದುಬಿಡುತ್ತದೆ. ಆಮೇಲೆ ರಸ್ತೆಯ ಎರಡು ತುದಿ, ವಾಹನದ ವರ್ಗ, ವೇಳೆ, ಹಿಂದಿನ ಆದೇಶ ಇದ್ದರೆ ಅದನ್ನು ಹಿಂಪಡೆದ ಸಾಲು. ರಾಜ್ಯಪತ್ರದಲ್ಲಿ ಪ್ರಕಟವಾದ ಪುಟದ ಪ್ರತಿ ನಿಮ್ಮ ಕೈಯಲ್ಲಿರಲಿ.

ಅಧಿಸೂಚನೆಯಷ್ಟೇ ಇದ್ದು ಬೋರ್ಡು ಇಲ್ಲದಿದ್ದರೂ ಕೆಲಸ ಅರ್ಧ. ಕಲಂ 112 ಇವೆರಡನ್ನೂ ಕೇಳುತ್ತದೆ. ಬೋರ್ಡು ಎಂದರೆ ಕೆಂಪು ಉಂಗುರದ ಬಿಳಿ ವೃತ್ತ, ಒಳಗೆ ಕಪ್ಪು ಅಂಕಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 67 ಮಾನದಂಡದಲ್ಲಿ ಅಳತೆಗಳಿವೆ. ಸಂಘದ ಹೆಸರು, ದಾನಿಗಳ ಹೆಸರು ಅದರ ಮೇಲೆ ಇರಬಾರದು. ಎತ್ತರ ಸುಮಾರು 2 ಮೀಟರ್, ನಡೆಯುವವರ ತಲೆಗೆ ತಾಗದಷ್ಟು.

ಬೋರ್ಡನ್ನು ಎರಡು ತುದಿಯಲ್ಲಿ ಮಾತ್ರ ನೆಟ್ಟು ಕೈತೊಳೆದುಕೊಳ್ಳುವುದು ಎಲ್ಲೆಡೆಯ ತಪ್ಪು. ನಡುವಿನ 3ನೇ ಅಡ್ಡರಸ್ತೆಯಿಂದ ಒಳಬಂದವನಿಗೆ ಒಂದೂ ಕಾಣುವುದಿಲ್ಲ. ದೊಡ್ಡ ಅಡ್ಡರಸ್ತೆ ಸೇರಿದ ಮೇಲೆಲ್ಲ ಒಂದೊಂದು ಮರುಬೋರ್ಡು ಬೇಕು. ಜಾಗ ಆರಿಸುವಾಗ ಹೊಂಗೆ ಮರದ ಕೊಂಬೆ ಮಳೆಗಾಲದ ನಂತರ ಎಲ್ಲಿಗೆ ಬರುತ್ತದೆ ಎಂದು ನೋಡಿ. ಹುಟ್ಟುಹಬ್ಬದ ಫ್ಲೆಕ್ಸು ಬೋರ್ಡನ್ನು ಮುಚ್ಚಿದರೆ ತೆಗೆಸುವ ಅಧಿಕಾರವನ್ನು ಕಲಂ 116 ಪೊಲೀಸ್ ವರಿಷ್ಠಾಧಿಕಾರಿ ಮಟ್ಟದ ಅಧಿಕಾರಿಗೆ ಕೊಡುತ್ತದೆ. ದೂರಿನಲ್ಲಿ ಆ ಸಂಖ್ಯೆಯನ್ನೇ ಬರೆಯಿರಿ.

ದಂಡದ ಬಗ್ಗೆ ಒಂದು ಮಾತು. ಕಲಂ 183ರಡಿ ‘ವೇಗವಾಗಿ ಹೋದ’ ಎಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯ ಸಾಲದು, ಅದಕ್ಕೆ ಯಂತ್ರದ ಅಳತೆಯ ಆಧಾರ ಬೇಕು. ನಿಮ್ಮ ಮೊಬೈಲ್ ವಿಡಿಯೊ ಮನವಿಗೆ ಸಾಕು, ದಂಡಕ್ಕೆ ಸಾಲದು. ಬೀದಿಯಲ್ಲಿ ದಿನವೂ ರೇಡಾರ್ ನಿಲ್ಲುವುದೂ ಇಲ್ಲ.

ಹಂತ 9: ರಸ್ತೆಯ ಆಕಾರ

ಮೊದಲು ಅಗ್ಗದ್ದು: ಬಣ್ಣ. ಅಗಲವಾದ ಡಾಂಬರನ್ನು ಎರಡು ಅಂಚಿನ ಗೆರೆ ಎಳೆದು 3 ಮೀಟರಿನ ಪಥಗಳಾಗಿ ಕಿರಿದು ಮಾಡಿ. ಉಳಿದದ್ದು ಪಾರ್ಕಿಂಗಿಗೂ ಸೈಕಲ್ಲಿಗೂ. ಮೂಲೆಗಳ ದುಂಡು ಕಡಿಮೆ ಮಾಡಿದರೆ ತಿರುಗುವ ಕಾರು ತಾನಾಗಿ ನಿಧಾನಿಸುತ್ತದೆ.

ಹಂಪು ಬೇಕೇ ಬೇಕಾದರೆ ಐಆರ್‌ಸಿ 99ರ ದುಂಡು ಹಂಪು: ಸಂಚಾರದ ದಿಕ್ಕಿನಲ್ಲಿ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್, 17 ಮೀಟರ್ ತ್ರಿಜ್ಯದ ಕಮಾನು. ಇದನ್ನು ಗಂಟೆಗೆ 25 ಕಿ.ಮೀ.ನಲ್ಲಿ ಸಲೀಸಾಗಿ ದಾಟಬಹುದು. ಸಾಲಾಗಿ ಹಾಕುವುದಾದರೆ 100ರಿಂದ 120 ಮೀಟರಿಗೊಂದು. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ, ಮೇಲೆ ಬಿಳಿ ಪಟ್ಟೆ, ಪಕ್ಕದಲ್ಲಿ ಬೀದಿದೀಪ. ಚರಂಡಿಯಂಚಿನಲ್ಲಿ ನೀರು ಹರಿಯಲು ದಾರಿ ಬಿಡದಿದ್ದರೆ ಮೊದಲ ಮಳೆಗೇ ಹಂಪಿನ ಹಿಂದೆ ಕೆರೆ, ಎರಡನೇ ಮಳೆಗೆ ಗುಂಡಿ.

ಒಂದಡಿ ಅಗಲದ ಸಿಮೆಂಟ್ ದಿಬ್ಬ ಹಂಪಲ್ಲ. ಅದು 10ಕ್ಕೆ ಇಳಿದವನ ಬೆನ್ನನ್ನೂ ಮುರಿಯುತ್ತದೆ, 50ರಲ್ಲಿ ಬರುವ ಎಸ್‌ಯುವಿಗೆ ಲೆಕ್ಕಕ್ಕೇ ಇಲ್ಲ. ಹಳದಿ-ಕಪ್ಪು ರಬ್ಬರ್ ಪಟ್ಟಿಗಳನ್ನೂ ದೂರವಿಡಿ. ತುಂಡು ಕಳಚಿ ಹೋಗಿ ನೆಲದಲ್ಲಿ ಉಳಿಯುವ ಬೋಲ್ಟುಗಳು ಟೈರು ಸೀಳುತ್ತವೆ.

ದುಡ್ಡಿದ್ದರೆ ಹಂಪಿಗಿಂತ ಎತ್ತರಿಸಿದ ದಾಟುದಾರಿ ಮೇಲು. ಮೇಲ್ಭಾಗ ಸಮತಟ್ಟು, ಪಾದಚಾರಿ ಮಾರ್ಗದ ಮಟ್ಟಕ್ಕೇ ಇರುತ್ತದೆ. ವಾಹನ ಇಳಿಸಿದ ವೇಗದ ಲಾಭ ನಡೆಯುವವರಿಗೆ ಅಲ್ಲೇ ಸಿಗುತ್ತದೆ.

ಹಂತ 10: ಮತ್ತೆ ಅಳೆಯಿರಿ, ಮತ್ತೆ ನೋಡಿ

ಒಂದು ತಿಂಗಳಾದ ಮೇಲೆ ಒಮ್ಮೆ, ಆರು ತಿಂಗಳಾದ ಮೇಲೆ ಇನ್ನೊಮ್ಮೆ, ಅದೇ 50 ಮೀಟರಿನಲ್ಲಿ. ಮೊದಲ ತಿಂಗಳ ಇಳಿಕೆಯನ್ನು ನಂಬಬೇಡಿ. ಹೊಸ ಬೋರ್ಡಿನ ಅಂಜಿಕೆ ಸವೆದ ಮೇಲಿನ ಅಂಕಿಯೇ ನಿಜ. 85ನೇ ಸಂಖ್ಯೆ ಮಿತಿಗಿಂತ 5 ಕಿ.ಮೀ. ಮೇಲೆಯೇ ನಿಂತರೆ ಹಂತ 9ಕ್ಕೆ ಹಿಂತಿರುಗಿ, ಇನ್ನಷ್ಟು ಬೋರ್ಡು ನೆಡಬೇಡಿ. ಪಕ್ಕದ ಸಮಾನಾಂತರ ಬೀದಿಯನ್ನೂ ಅಳೆಯಿರಿ. ನಿಮ್ಮ ಬೀದಿಯಿಂದ ತಪ್ಪಿಸಿಕೊಂಡ ವೇಗ ಅಲ್ಲಿಗೆ ಹೋಗಿರಬಹುದು.

ಮಿತಿಯನ್ನು ಪುನಃ ಪರಿಶೀಲಿಸಬೇಕಾದ ಸಂದರ್ಭ ಮೂರು: ಹೊಸ ಶಾಲೆಯೋ ಮಾರುಕಟ್ಟೆಯೋ ಬಂದಾಗ, ರಸ್ತೆ ಅಗಲವಾದಾಗ ಅಥವಾ ಏಕಮುಖವಾದಾಗ, ಹೊಸ ಡಾಂಬರು ಬಿದ್ದಾಗ. ಮೂರನೆಯದೇ ಹೆಚ್ಚು ಅಪಾಯದ್ದು, ಏಕೆಂದರೆ ಎಲ್ಲರೂ ಖುಷಿಯಲ್ಲಿರುತ್ತಾರೆ. ಹಂಪಿನ ಸುತ್ತ 4 ಸೆಂಟಿಮೀಟರ್ ಪದರ ಬಿದ್ದರೆ 10ರ ಹಂಪು 6ಕ್ಕೆ ಇಳಿಯುತ್ತದೆ. ಕೆರೆದು ಹಾಕಿದರೆ ಹಂಪೇ ಇರುವುದಿಲ್ಲ, ಅಂಚಿನ ಗೆರೆಗಳಂತೂ ಮುಚ್ಚಿಹೋಗಿರುತ್ತವೆ. ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಹಂಪು ಮತ್ತು ಬಣ್ಣವನ್ನು ಮರಳಿ ಮಾಡುವ ಬಾಬ್ತು ಇದೆಯೇ ಎಂದು ಟೆಂಡರಿಗೆ ಮುಂಚೆಯೇ ವಾರ್ಡ್ ಎಂಜಿನಿಯರನ್ನು ಕೇಳಿ. ರೋಲರ್ ಬಂದ ಮೇಲೆ ಕೇಳಿದರೆ ಮುಂದಿನ ಬಜೆಟ್ಟಿನವರೆಗೆ ಕಾಯಬೇಕು.